ಹಲವು ಬ್ಯಾಲೆನ್ಸ್ಡ್ ಔಟ್‌ಪುಟ್‌ಗಳಿರುವ ಡ್ಯಾಕ್: ಕೊಳ್ಳುವ ಮುನ್ನ ಹೋಲಿಸಿ ನೋಡಬೇಕಾದ ಸಂಗತಿಗಳು

ಕಂಪ್ಯೂಟರಿಗೆ ಒಂದೇ ಜೊತೆ ಆ್ಯಕ್ಟಿವ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವಂಥದ್ದು) ಜೋಡಿಸುವವರಿಗೆ ಡ್ಯಾಕ್, ಅಂದರೆ ಡಿಜಿಟಲ್ ಸಂಕೇತವನ್ನು ಅನಲಾಗ್ ಸಂಕೇತವಾಗಿ ಬದಲಿಸುವ ಉಪಕರಣ, ಆರಿಸುವುದು ಈಗ ಕಷ್ಟದ ಕೆಲಸವಾಗಿ ಉಳಿದಿಲ್ಲ. ಆದರೆ ಅದೇ ಮೇಜಿಗೆ ಪ್ರತ್ಯೇಕ ಹೆಡ್‌ಫೋನ್ ಆಂಪ್ಲಿಫೈಯರ್, ಹೋಲಿಸಿ ಕೇಳಲು ಎರಡನೆಯ ಜೊತೆ ಸ್ಪೀಕರ್ ಅಥವಾ ಒಂದು ಸಬ್‌ವೂಫರ್ ಬಂದು ಸೇರಿದ ಕೂಡಲೇ ಹಿಂಬದಿಯ ಕಿಂಡಿಗಳು ಸಾಲದಾಗುತ್ತವೆ, ಏಕೆಂದರೆ ಬಹುಪಾಲು ಡ್ಯಾಕ್‌ಗಳಲ್ಲಿ ಇರುವುದು ಹೆಚ್ಚೆಂದರೆ ಒಂದು ಜೊತೆ ಎಕ್ಸ್‌ಎಲ್‌ಆರ್ (ಮೂರು ಪಿನ್‌ಗಳ ಕಿಂಡಿ) ಮತ್ತು ಒಂದು ಜೊತೆ ಆರ್‌ಸಿಎ (ಬ್ಯಾಲೆನ್ಸ್ಡ್ ಅಲ್ಲದ, ಒಂದೇ ಪಿನ್ನಿನ ಕಿಂಡಿ) ಮಾತ್ರ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಇಂಥ ಉಪಕರಣಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿಸುವ ಅಂಗಡಿ ಸಿಗುವುದು ಅಪರೂಪ. ಇಲ್ಲಿನವರು ವಿವರಪಟ್ಟಿಯನ್ನು ಓದಿಯೇ ತೀರ್ಮಾನಿಸಬೇಕಾಗುತ್ತದೆ, ಹಾಗಾಗಿ ಆ ಪಟ್ಟಿಯಲ್ಲಿ ಏನನ್ನು ಹುಡುಕಬೇಕು ಎಂಬುದು ಮೊದಲು ಗೊತ್ತಿರಬೇಕು.

ನನ್ನ ಅಭಿಪ್ರಾಯದಲ್ಲಿ ಕಿಂಡಿಗಳ ಎಣಿಕೆ ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ, ಆ ಕಿಂಡಿಗಳಲ್ಲಿ ಹೊರಬರುವ ಸಂಕೇತ ಯಾವ ಬಗೆಯದು ಎಂಬುದು. ಕೆಲವು ಉಪಕರಣಗಳಲ್ಲಿ ಎಲ್ಲ ಔಟ್‌ಪುಟ್‌ಗಳೂ ಒಂದೇ ತೂಬಿನಿಂದ ಹೊರಟ ಕಾಲುವೆಗಳಂತೆ ಒಂದೇ ಸ್ಟೀರಿಯೊ ಸಂಕೇತವನ್ನು ಏಕಕಾಲಕ್ಕೆ ಹೊರಗೆ ಕಳುಹಿಸುತ್ತವೆ. ಇನ್ನು ಕೆಲವದರಲ್ಲಿ ಒಂದು ಬಟನ್ ಒತ್ತಿದಾಗ ಮೊದಲ ಜೋಡಿ ಮುಚ್ಚಿ ಎರಡನೆಯ ಜೋಡಿ ತೆರೆದುಕೊಳ್ಳುತ್ತದೆ. ಮೂರನೆಯ ಬಗೆಯಲ್ಲಿ ಪ್ರತಿ ಔಟ್‌ಪುಟ್ಟೂ ಸ್ವತಂತ್ರ ಚಾನೆಲ್ ಆಗಿರುತ್ತದೆ ಮತ್ತು ಅಲ್ಲಿಗೆ ಯಾವ ಧ್ವನಿ ಹೋಗಬೇಕೆಂಬುದನ್ನು ಕಂಪ್ಯೂಟರಿನ ತಂತ್ರಾಂಶ ನಿರ್ಧರಿಸುತ್ತದೆ. ಜಾಹೀರಾತಿನಲ್ಲಿ ಈ ಮೂರನ್ನೂ ‘ಹಲವು ಬ್ಯಾಲೆನ್ಸ್ಡ್ ಔಟ್‌ಪುಟ್’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವುದುಂಟು, ಆದರೆ ಬಳಕೆಯಲ್ಲಿ ಒಂದು ಬಗೆಯದು ಇನ್ನೊಂದರ ಕೆಲಸಕ್ಕೆ ಬರುವುದಿಲ್ಲ.

ಬ್ಯಾಲೆನ್ಸ್ಡ್ ಎಂದರೇನು, ಎಲ್ಲಿ ಬೇಕು

ಬ್ಯಾಲೆನ್ಸ್ಡ್ ಸಂಪರ್ಕದಲ್ಲಿ ಸಂಕೇತವನ್ನು ಹಾಟ್ ಮತ್ತು ಕೋಲ್ಡ್ ಎಂಬ ಎರಡು ತಂತಿಗಳು ಒಯ್ಯುತ್ತವೆ ಮತ್ತು ಮೂರನೆಯದಾಗಿ ಸುತ್ತಲೂ ಶೀಲ್ಡ್ ಇರುತ್ತದೆ. ಎಕ್ಸ್‌ಎಲ್‌ಆರ್‌ನಲ್ಲಿ 1ನೇ ಪಿನ್ ಶೀಲ್ಡಿಗೆ, 2ನೇ ಪಿನ್ ಹಾಟ್‌ಗೆ, 3ನೇ ಪಿನ್ ಕೋಲ್ಡ್‌ಗೆ ಮೀಸಲು. ಸ್ವೀಕರಿಸುವ ತುದಿಯು ಹಾಟ್ ಮತ್ತು ಕೋಲ್ಡ್‌ಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುವುದರಿಂದ, ದಾರಿಯಲ್ಲಿ ಎರಡೂ ತಂತಿಗಳ ಮೇಲೆ ಸಮನಾಗಿ ಕೂತ ಗದ್ದಲ ಅಲ್ಲಿಯೇ ಕಳೆದುಹೋಗುತ್ತದೆ. ಹೀಗಾಗಬೇಕಾದರೆ ಎರಡೂ ತಂತಿಗಳ ಇಂಪೀಡೆನ್ಸ್ (ಸಂಕೇತಕ್ಕೆ ಒಡ್ಡುವ ತಡೆ) ಸಮನಾಗಿರಬೇಕು ಎಂಬುದೇ ಮುಖ್ಯ ಷರತ್ತು. ಎರಡೂ ತಂತಿಗಳಲ್ಲಿ ತದ್ವಿರುದ್ಧ ಸಂಕೇತ ಇರಲೇಬೇಕೆಂದಿಲ್ಲ. ಕೋಲ್ಡ್ ತಂತಿಯಲ್ಲಿ ಸಂಕೇತವನ್ನೇ ಹರಿಸದೆ, ಕೇವಲ ಸಮನಾದ ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಸೇರಿಸಿದ ಔಟ್‌ಪುಟ್ ಕೂಡ ಗದ್ದಲವನ್ನು ಅಷ್ಟೇ ಚೆನ್ನಾಗಿ ತಡೆಯುತ್ತದೆ. ಅದನ್ನು ‘ನಕಲಿ ಬ್ಯಾಲೆನ್ಸ್ಡ್’ ಎಂದು ಹೀಗಳೆಯುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಕಿಂಡಿಯ ಆಕಾರ ನೋಡಿ ಮೋಸ ಹೋಗುವ ಸಾಧ್ಯತೆ ಇರುವುದರಿಂದ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾಲ್ಕು ಪಿನ್‌ಗಳ ಎಕ್ಸ್‌ಎಲ್‌ಆರ್ ಮತ್ತು 4.4 ಮಿಲಿಮೀಟರ್ ಕಿಂಡಿಗಳನ್ನು ಮೇಜಿನ ಡ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಹೆಡ್‌ಫೋನಿಗೆಂದು ಕೊಟ್ಟಿರುತ್ತಾರೆ. ಅವುಗಳನ್ನೂ ಲೆಕ್ಕಕ್ಕೆ ಸೇರಿಸಿ ‘ಮೂರು ಬ್ಯಾಲೆನ್ಸ್ಡ್ ಔಟ್‌ಪುಟ್’ ಎಂದು ಬರೆದಿದ್ದರೆ, ಸ್ಪೀಕರಿಗೆ ಒದಗುವುದು ಒಂದೇ ಜೋಡಿ. ಹಾಗೆಯೇ 6.35 ಮಿಲಿಮೀಟರಿನ ಜಾಕ್, ನಮ್ಮ ಮೈಕ್ ಸೆಟ್‌ನವರು ಪಿ-38 ಎನ್ನುವ ಪಿನ್, ಸ್ಟೀರಿಯೊ ಮಾದರಿಯದಾಗಿದ್ದರೆ ಮಾತ್ರ ಬ್ಯಾಲೆನ್ಸ್ಡ್ ಸಂಪರ್ಕಕ್ಕೆ ಬರುತ್ತದೆ. ಅದೇ ಕಿಂಡಿಗೆ ಮೊನೊ ಪಿನ್ ತೂರಿಸಿದರೆ ಕೋಲ್ಡ್ ತಂತಿ ನೇರವಾಗಿ ಗ್ರೌಂಡ್‌ಗೆ ತಾಗುತ್ತದೆ, ಕೆಲವು ಬಗೆಯ ಔಟ್‌ಪುಟ್ ಸರ್ಕ್ಯೂಟ್‌ಗಳಿಗೆ ಅದು ಶಾರ್ಟ್ ಮಾಡಿದಂತೆಯೇ ಸರಿ. ಅಂಗಡಿಯಲ್ಲಿ ಕೇಬಲ್ ಮಾಡಿಸುವಾಗ ಈ ಮಾತನ್ನು ಬಿಡಿಸಿ ಹೇಳಬೇಕು.

ಒಂದು ಜೋಡಿಯನ್ನೇ ಎರಡಾಗಿಸುವುದು

ಈಗಾಗಲೇ ಒಳ್ಳೆಯ ಡ್ಯಾಕ್ ಇದ್ದು, ಇನ್ನೊಂದು ಜೋಡಿ ಔಟ್‌ಪುಟ್ ಮಾತ್ರ ಬೇಕಿರುವವರು ಹೊಸದನ್ನು ಕೊಳ್ಳುವ ಮುನ್ನ ವೈ ಆಕಾರದ ಕೇಬಲನ್ನು ಪರಿಗಣಿಸಬೇಕು. ಡ್ಯಾಕ್‌ನ ಔಟ್‌ಪುಟ್ ಇಂಪೀಡೆನ್ಸ್ 100 ಓಮ್ ಮತ್ತು ಸ್ಪೀಕರಿನ ಇನ್‌ಪುಟ್ ಇಂಪೀಡೆನ್ಸ್ 10,000 ಓಮ್ ಎಂದಿಟ್ಟುಕೊಂಡರೆ, ಅಂಥ ಇನ್ನೊಂದು ಉಪಕರಣವನ್ನು ಸಮಾನಾಂತರವಾಗಿ ಸೇರಿಸಿದಾಗ ಹೆಚ್ಚುವರಿಯಾಗಿ ಕಡಿಮೆಯಾಗುವ ಮಟ್ಟ ಒಂದು ಡೆಸಿಬಲ್‌ನ ಹತ್ತನೆಯ ಒಂದು ಭಾಗಕ್ಕಿಂತಲೂ ಕಿರಿದು. ಕಿವಿಗೆ ಅದು ತಿಳಿಯುವುದಿಲ್ಲ. ತೊಂದರೆ ಬರುವುದು ಬೇರೆ ಕಡೆಯಿಂದ. ಜೋಡಿಸಿದ ಎರಡು ಉಪಕರಣಗಳಲ್ಲಿ ಒಂದನ್ನು ಆರಿಸಿಟ್ಟಾಗ, ವಿದ್ಯುತ್ ಇಲ್ಲದ ಅದರ ಇನ್‌ಪುಟ್ ಸರ್ಕ್ಯೂಟ್ ಸಂಕೇತದ ತುದಿಗಳನ್ನು ಕತ್ತರಿಸಿ, ಇನ್ನೊಂದರಲ್ಲಿ ಕೇಳುತ್ತಿರುವ ಧ್ವನಿಯನ್ನೂ ಕೆಡಿಸುವುದು ಕೆಲವೊಮ್ಮೆ ಕಂಡುಬರುತ್ತದೆ. ಅಲ್ಲದೆ ಎರಡೂ ಉಪಕರಣಗಳ ಶೀಲ್ಡ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುವುದರಿಂದ ಗ್ರೌಂಡ್ ಲೂಪಿಗೆ, ಅಂದರೆ ಗ್ರೌಂಡ್ ತಂತಿಗಳೇ ಸುತ್ತಾಗಿ ಗುಂಯ್ ಶಬ್ದ ತರುವ ದೋಷಕ್ಕೆ, ಹೊಸ ದಾರಿ ತೆರೆದಂತಾಗುತ್ತದೆ. ಇಂಥ ಕೇಬಲ್ ಒಂದನ್ನು ಎರಡಾಗಿಸಲು ಮಾತ್ರ. ಎರಡು ಡ್ಯಾಕ್‌ಗಳ ಔಟ್‌ಪುಟ್ಟನ್ನು ಒಂದು ಸ್ಪೀಕರಿಗೆ ಸೇರಿಸಲು ಅದನ್ನು ಎಂದೂ ಬಳಸಬಾರದು.

ಎಕ್ಸ್‌ಎಲ್‌ಆರ್ ಸ್ಪೀಕರಿಗೆ, ಆರ್‌ಸಿಎ ಹೆಡ್‌ಫೋನ್ ಆಂಪ್ಲಿಫೈಯರಿಗೆ ಎಂದು ಹಂಚಿಕೊಳ್ಳುವುದು ಇನ್ನೂ ಸುಲಭವಾದ ದಾರಿ, ಮತ್ತು ಅದನ್ನು ಕೀಳಾಗಿ ಕಾಣಬೇಕಾದ ಕಾರಣವಿಲ್ಲ. ಆರ್‌ಎಂಇ ಕಂಪನಿಯ ಎಡಿಐ-2 ಡ್ಯಾಕ್ ಎಫ್‌ಎಸ್‌ನಂಥ ದುಬಾರಿ ಉಪಕರಣದಲ್ಲಿಯೂ ಹಿಂಬದಿಯಲ್ಲಿ ಇರುವುದು ಇದೇ ಎರಡು ಜೋಡಿ. ಹೆಡ್‌ಫೋನ್ ಆಂಪ್ಲಿಫೈಯರ್ ಡ್ಯಾಕ್‌ನ ಪಕ್ಕದಲ್ಲಿಯೇ ಇದ್ದು ಕೇಬಲ್ ಒಂದು ಗೇಣು ಉದ್ದದ್ದಾಗಿದ್ದರೆ, ಆರ್‌ಸಿಎ ಸಂಪರ್ಕದಲ್ಲಿ ಗದ್ದಲ ಕೇಳಿಬರುವ ಸಂಭವ ಕಡಿಮೆ. ಕೋಣೆಯ ಎರಡು ಮೂಲೆಗಳಿಗೆ ಹೋಗುವ ಉದ್ದನೆಯ ಕೇಬಲ್‌ಗಳಿಗೆ ಮತ್ತು ಬೇರೆ ಬೇರೆ ಪ್ಲಗ್ ಪಾಯಿಂಟ್‌ಗಳಿಂದ ವಿದ್ಯುತ್ ಪಡೆಯುವ ಉಪಕರಣಗಳಿಗೆ ಬ್ಯಾಲೆನ್ಸ್ಡ್ ಜೋಡಿಯನ್ನು ಉಳಿಸಿಕೊಂಡರೆ ಸಾಕು.

ವಾಲ್ಯೂಮ್ ಯಾವುದಕ್ಕೆ ಅನ್ವಯಿಸುತ್ತದೆ

ಈ ವಿಷಯವನ್ನು ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಕೊಂಡ ಮೇಲೆ ಜನ ಬೇಸರಪಡುವುದು ಹೆಚ್ಚಾಗಿ ಇಲ್ಲಿಯೇ. ಹೆಡ್‌ಫೋನ್ ಆಂಪ್ಲಿಫೈಯರಿಗೆ ತನ್ನದೇ ವಾಲ್ಯೂಮ್ ಇರುವುದರಿಂದ ಅದಕ್ಕೆ ಡ್ಯಾಕ್‌ನಿಂದ ಪೂರ್ಣ ಮಟ್ಟದ, ಬದಲಾಗದ ಸಂಕೇತ ಬೇಕು. ಸ್ಪೀಕರುಗಳ ವಾಲ್ಯೂಮ್ ನಿಯಂತ್ರಣ ಅವುಗಳ ಬೆನ್ನ ಹಿಂದೆ ಕೈಗೆಟುಕದಂತೆ ಇರುವುದರಿಂದ ಅವುಗಳಿಗೆ ಡ್ಯಾಕ್‌ನಲ್ಲಿಯೇ ಏರಿಸಿ ಇಳಿಸಬಹುದಾದ ಸಂಕೇತ ಬೇಕು. ಎಲ್ಲ ಔಟ್‌ಪುಟ್‌ಗಳಿಗೂ ಒಂದೇ ವಾಲ್ಯೂಮ್ ಇರುವ ಡ್ಯಾಕ್‌ನಲ್ಲಿ ಈ ಎರಡೂ ಬೇಡಿಕೆಗಳು ಒಟ್ಟಿಗೆ ಈಡೇರುವುದಿಲ್ಲ. ರಾತ್ರಿ ಹೆಡ್‌ಫೋನಿಗೆಂದು ವಾಲ್ಯೂಮನ್ನು ಪೂರ್ಣಕ್ಕೇರಿಸಿ, ಬೆಳಿಗ್ಗೆ ಅದನ್ನು ಮರೆತು ಸ್ಪೀಕರಿನ ಸ್ವಿಚ್ ಒತ್ತಿದರೆ ಸ್ಪೀಕರಿನೊಳಗೆ ತಾರ ಧ್ವನಿ ನುಡಿಸುವ ಟ್ವೀಟರಿಗೂ ಮನೆಯವರ ನೆಮ್ಮದಿಗೂ ಒಳ್ಳೆಯದಲ್ಲ. ಆದ್ದರಿಂದ ಕೈಪಿಡಿಯ ಪಿಡಿಎಫ್ ಇಳಿಸಿಕೊಂಡು, ಪ್ರತಿ ಔಟ್‌ಪುಟ್‌ನ ಮಟ್ಟವನ್ನು ಪ್ರತ್ಯೇಕವಾಗಿ ಸ್ಥಿರ ಅಥವಾ ಬದಲಾಗುವ ಬಗೆಯದಾಗಿ ಇಡಬಹುದೇ, ಒಂದನ್ನು ಮಾತ್ರ ಮ್ಯೂಟ್ ಮಾಡಬಹುದೇ ಎಂಬುದನ್ನು ಓದಿಕೊಳ್ಳಬೇಕು. ಕೈಪಿಡಿಯಲ್ಲಿ ಈ ವಿವರ ಇಲ್ಲದಿದ್ದರೆ, ಆ ಸೌಲಭ್ಯವೂ ಇಲ್ಲವೆಂದೇ ತಿಳಿದು ಮುಂದುವರಿಯುವುದು ಕ್ಷೇಮ.

ಆಡಿಯೊ ಇಂಟರ್‌ಫೇಸ್ ಎಂಬ ಇನ್ನೊಂದು ದಾರಿ

ಡ್ಯಾಕ್ ಎಂದು ಹುಡುಕುವವರು ಸಾಮಾನ್ಯವಾಗಿ ರೆಕಾರ್ಡಿಂಗಿಗೆಂದು ತಯಾರಾದ ಇಂಟರ್‌ಫೇಸ್‌ಗಳತ್ತ ನೋಡುವುದಿಲ್ಲ. ಆದರೆ ಕಡಿಮೆ ಹಣಕ್ಕೆ ಹೆಚ್ಚು ಬ್ಯಾಲೆನ್ಸ್ಡ್ ಔಟ್‌ಪುಟ್ ಸಿಗುವುದು ಅಲ್ಲಿಯೇ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ರಲ್ಲಿ ಎರಡು ಲೈನ್ ಔಟ್‌ಪುಟ್ ಇದ್ದರೆ 4ಐ4ರಲ್ಲಿ ನಾಲ್ಕು ಇವೆ. ಮೋಟು ಎಂ4ರಲ್ಲಿ ನಾಲ್ಕು ಬ್ಯಾಲೆನ್ಸ್ಡ್ ಟಿಆರ್‌ಎಸ್ (ಮೇಲೆ ಹೇಳಿದ ಸ್ಟೀರಿಯೊ ಜಾಕ್) ಔಟ್‌ಪುಟ್‌ಗಳ ಜೊತೆಗೆ ಅದೇ ಸಂಕೇತವನ್ನು ಕೊಡುವ ಆರ್‌ಸಿಎ ಕಿಂಡಿಗಳೂ ಇವೆ. ಅದೇ ಕಂಪನಿಯ ಅಲ್ಟ್ರಾಲೈಟ್ ಎಂಕೆ5ರಲ್ಲಿ ಬ್ಯಾಲೆನ್ಸ್ಡ್ ಔಟ್‌ಪುಟ್‌ಗಳ ಸಂಖ್ಯೆ ಹತ್ತು. ವಚನ ಅಥವಾ ಭಾವಗೀತೆ ಹಾಡಿ ಮನೆಯಲ್ಲಿಯೇ ರೆಕಾರ್ಡ್ ಮಾಡುವವರಿಗೆ ಮೈಕ್ ಇನ್‌ಪುಟ್ ಹೇಗೂ ಬೇಕಿರುವುದರಿಂದ ಬೇರೆ ಡ್ಯಾಕ್ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಇವುಗಳ ಕಷ್ಟ ತಂತ್ರಾಂಶದ ಕಡೆಗಿದೆ. ಔಟ್‌ಪುಟ್‌ಗಳು ಸ್ವತಂತ್ರ ಚಾನೆಲ್‌ಗಳಾಗಿರುವುದರಿಂದ ಬ್ರೌಸರಿನಲ್ಲಿ ಹಾಕಿದ ಹಾಡು ಮೊದಲ ಜೋಡಿಗೆ ಮಾತ್ರ ಹೋಗುತ್ತದೆ. ಎರಡನೆಯ ಜೋಡಿಗೂ ಅದೇ ಹಾಡು ಬರಬೇಕೆಂದರೆ ಉಪಕರಣದ ಒಳಗೆ ಮಿಕ್ಸರ್ ಇರಬೇಕು ಅಥವಾ ಕಂಪ್ಯೂಟರಿನಲ್ಲಿ ಬೇರೆ ತಂತ್ರಾಂಶ ಬಳಸಬೇಕು. ಸ್ಕಾರ್ಲೆಟ್ 4ಐ4ರಲ್ಲಿ ಕಂಪನಿಯೇ ಕೊಡುವ ನಿಯಂತ್ರಣ ತಂತ್ರಾಂಶದಿಂದ ಇದನ್ನು ಮಾಡಬಹುದು. ಎಲ್ಲ ಮಾದರಿಗಳಲ್ಲೂ ಹೀಗಿರುವುದಿಲ್ಲ. ಮುಂಭಾಗದ ದೊಡ್ಡ ನಾಬ್ ಕೂಡ ಹೆಚ್ಚಿನ ಇಂಟರ್‌ಫೇಸ್‌ಗಳಲ್ಲಿ ಮೊದಲ ಜೋಡಿಯನ್ನು ಮಾತ್ರ ನಿಯಂತ್ರಿಸುತ್ತದೆ. ಮೇಲೆ ಹೇಳಿದ ಹೆಡ್‌ಫೋನ್ ಆಂಪ್ಲಿಫೈಯರಿನ ಅಗತ್ಯಕ್ಕೆ ಇದು ವರವೇ, ಏಕೆಂದರೆ ಎರಡನೆಯ ಜೋಡಿ ಸ್ಥಿರ ಮಟ್ಟದಲ್ಲಿ ಉಳಿಯುತ್ತದೆ. ಆದರೆ ಎರಡು ಜೊತೆ ಸ್ಪೀಕರುಗಳನ್ನು ಒಂದೇ ನಾಬ್‌ನಿಂದ ನಡೆಸಬೇಕೆನ್ನುವವರಿಗೆ ಅದೇ ಅಡ್ಡಿಯಾಗುತ್ತದೆ.

ಎಂಟು ಚಾನೆಲ್‌ಗಳ ಡ್ಯಾಕ್ ಯಾರಿಗೆ

ಟಾಪಿಂಗ್ ಡಿಎಂ7ರಲ್ಲಿ ಎಂಟು ಬ್ಯಾಲೆನ್ಸ್ಡ್ ಟಿಆರ್‌ಎಸ್ ಔಟ್‌ಪುಟ್‌ಗಳಿವೆ. ಚೆಕ್ ಗಣರಾಜ್ಯದ ಆಕ್ಟೊ ರಿಸರ್ಚ್ ತಯಾರಿಸಿದ ಡ್ಯಾಕ್8 ಪ್ರೊ ಉಪಕರಣದಲ್ಲಿ ಎಂಟು ಎಕ್ಸ್‌ಎಲ್‌ಆರ್‌ಗಳಿವೆ. ಇವು ಬಹುಚಾನೆಲ್ ಸಿನಿಮಾ ಧ್ವನಿಗೆ, ಅಥವಾ ವೂಫರ್ ಮತ್ತು ಟ್ವೀಟರ್‌ಗಳಿಗೆ ಕಂಪ್ಯೂಟರಿನಲ್ಲಿಯೇ ಕ್ರಾಸ್‌ಓವರ್ ಮಾಡಿ, ಅಂದರೆ ಧ್ವನಿಯನ್ನು ಮಂದ್ರ ಮತ್ತು ತಾರ ಭಾಗಗಳಾಗಿ ಒಡೆದು, ಪ್ರತ್ಯೇಕ ಆಂಪ್ಲಿಫೈಯರಿಗೆ ಕಳುಹಿಸುವವರಿಗೆ ಹೇಳಿ ಮಾಡಿಸಿದವು. ಎರಡು ಜೊತೆ ಸ್ಪೀಕರಿಗಾಗಿ ಇವನ್ನು ಕೊಂಡರೆ ಹಣ ಕೊಟ್ಟು ತಂತ್ರಾಂಶದ ತಲೆನೋವನ್ನು ತಂದುಕೊಂಡಂತೆಯೇ. ಸಬ್‌ವೂಫರ್ ಸೇರಿಸುವುದೇ ಉದ್ದೇಶವಾಗಿದ್ದರೆ ಮಿನಿಡಿಎಸ್‌ಪಿ ಫ್ಲೆಕ್ಸ್‌ನ ಬ್ಯಾಲೆನ್ಸ್ಡ್ ಮಾದರಿ ಹೆಚ್ಚು ಹೊಂದುತ್ತದೆ. ಅದರಲ್ಲಿ ನಾಲ್ಕು ಔಟ್‌ಪುಟ್‌ಗಳಿದ್ದು, 80 ಹರ್ಟ್ಸ್‌ನ ಆಸುಪಾಸಿನಲ್ಲಿ ಸ್ಪೀಕರಿಗೂ ಸಬ್‌ವೂಫರಿಗೂ ಧ್ವನಿಯನ್ನು ಭಾಗ ಮಾಡುವ ಕೆಲಸವನ್ನು ಉಪಕರಣವೇ ಮಾಡುತ್ತದೆ. ಒಮ್ಮೆ ಹೊಂದಿಸಿದ ಮೇಲೆ ಯಾವ ಕಂಪ್ಯೂಟರ್ ಜೋಡಿಸಿದರೂ ಹೊಂದಾಣಿಕೆ ಹಾಗೆಯೇ ಉಳಿಯುತ್ತದೆ. ಕಾಂಕ್ರೀಟ್ ಗೋಡೆ ಮತ್ತು ಆರ್‌ಸಿಸಿ ಸೂರಿನ ಸಣ್ಣ ಕೋಣೆಗಳಲ್ಲಿ ಕೆಳಸ್ತರದ ಧ್ವನಿ ಮೂಲೆಗಳಲ್ಲಿ ಗುಂಯ್‌ಗುಡುವುದು ಸಾಮಾನ್ಯವಾದ್ದರಿಂದ, ಅದನ್ನು ತಗ್ಗಿಸಬಲ್ಲ ಉಪಕರಣ ಎಷ್ಟೇ ಒಳ್ಳೆಯ ಡ್ಯಾಕ್ ಚಿಪ್‌ಗಿಂತಲೂ ಹೆಚ್ಚು ವ್ಯತ್ಯಾಸ ತರುತ್ತದೆ ಎಂದು ನನಗನ್ನಿಸುತ್ತದೆ.

ಎರಡು ಜೊತೆ ಸ್ಪೀಕರುಗಳನ್ನು ಬದಲಿಸಿ ಬದಲಿಸಿ ಕೇಳುವುದಷ್ಟೇ ಬೇಕಿದ್ದರೆ, ಇರುವ ಡ್ಯಾಕ್‌ನ ಮುಂದೆ ಮಾನಿಟರ್ ಕಂಟ್ರೋಲರ್, ಅಂದರೆ ಯಾವ ಜೊತೆ ಸ್ಪೀಕರ್ ನುಡಿಯಬೇಕೆಂದು ಆರಿಸಿ ವಾಲ್ಯೂಮ್ ತಿರುಗಿಸುವ ಪೆಟ್ಟಿಗೆ, ಇಡಬಹುದು. ಮ್ಯಾಕಿ ಬಿಗ್ ನಾಬ್ ಪ್ಯಾಸಿವ್‌ನಂಥ ವಿದ್ಯುತ್ ಬೇಡದ ಪೆಟ್ಟಿಗೆಗಳು ಅಗ್ಗ. ಅಂಥವುಗಳಲ್ಲಿ ಧ್ವನಿಯನ್ನು ತೀರಾ ತಗ್ಗಿಸಿದಾಗ ಎಡ ಬಲಗಳ ಮಟ್ಟ ಕೊಂಚ ಹೆಚ್ಚುಕಡಿಮೆಯಾಗಬಹುದು. ಹಾಟ್ ಮತ್ತು ಕೋಲ್ಡ್ ತಂತಿಗಳಿಗೆ ಪ್ರತ್ಯೇಕ ಪೊಟೆನ್ಶಿಯೊಮೀಟರ್ ಬಳಸಿದ ವಿನ್ಯಾಸವಾದರೆ, ಅವೆರಡರ ನಡುವಿನ ಅಸಮತೆಯಿಂದ ಗದ್ದಲ ತಡೆಯುವ ಶಕ್ತಿಯೂ ಕುಂದುತ್ತದೆ. ಪೆಟ್ಟಿಗೆಯಿಂದ ಸ್ಪೀಕರಿನವರೆಗಿನ ಕೇಬಲ್ ಗಿಡ್ಡವಾಗಿದ್ದಷ್ಟೂ ಒಳ್ಳೆಯದು. ಡ್ರಾಮರ್ ಎಂಸಿ2.1ರಂಥ ಆ್ಯಕ್ಟಿವ್ ಕಂಟ್ರೋಲರ್‌ಗಳಲ್ಲಿ ಔಟ್‌ಪುಟ್ ಸರ್ಕ್ಯೂಟ್ ಬೇರೆಯೇ ಇರುವುದರಿಂದ ಕೇಬಲಿನ ಉದ್ದದ ಚಿಂತೆ ಇಲ್ಲ, ಬೆಲೆ ಮಾತ್ರ ಸಾಧಾರಣ ಡ್ಯಾಕ್‌ನ ಬೆಲೆಯನ್ನು ಮೀರಬಹುದು.

ಮಟ್ಟದ ಹೊಂದಾಣಿಕೆ

ಮೇಜಿನ ಡ್ಯಾಕ್‌ಗಳು ಸಾಮಾನ್ಯವಾಗಿ ಆರ್‌ಸಿಎಯಲ್ಲಿ 2 ವೋಲ್ಟ್, ಎಕ್ಸ್‌ಎಲ್‌ಆರ್‌ನಲ್ಲಿ 4 ವೋಲ್ಟ್ ಕೊಡುತ್ತವೆ. 4 ವೋಲ್ಟ್ ಎಂದರೆ ಸುಮಾರು +14 ಡಿಬಿಯು (ವೋಲ್ಟೇಜನ್ನು ಡೆಸಿಬಲ್‌ನಲ್ಲಿ ಹೇಳುವ ಮಾನ). ವೃತ್ತಿಪರ ಉಪಕರಣಗಳ ವಾಡಿಕೆಯ ಮಟ್ಟವಾದ +4 ಡಿಬಿಯು ಎಂದರೆ 1.23 ವೋಲ್ಟ್ ಮಾತ್ರ. ಹಾಗಾಗಿ ಪೂರ್ಣ ಮಟ್ಟದಲ್ಲಿ ಬಿಟ್ಟರೆ ಮೇಜಿನ ಮೇಲಿನ ಸ್ಪೀಕರ್ ಸಹಿಸಲಾಗದಷ್ಟು ಜೋರಾಗುತ್ತದೆ ಮತ್ತು ಡ್ಯಾಕ್‌ನ ವಾಲ್ಯೂಮನ್ನು 40 ಡೆಸಿಬಲ್‌ನಷ್ಟು ಇಳಿಸಿ ಕೇಳಬೇಕಾಗುತ್ತದೆ. ಡಿಜಿಟಲ್ ವಾಲ್ಯೂಮ್ ಇಳಿಸಿದಾಗ ಸಂಕೇತ ತಗ್ಗುತ್ತದೆಯೇ ಹೊರತು ಡ್ಯಾಕ್‌ನ ಅನಲಾಗ್ ಭಾಗದ ಗದ್ದಲ ಇದ್ದಲ್ಲಿಯೇ ಇರುತ್ತದೆ. ವಿವರಪಟ್ಟಿಯಲ್ಲಿ 120 ಡೆಸಿಬಲ್ ಎಂದು ಬರೆದ ಡೈನಮಿಕ್ ರೇಂಜ್ (ಗದ್ದಲಕ್ಕೂ ಅತಿ ಜೋರಾದ ಸಂಕೇತಕ್ಕೂ ನಡುವಿನ ಅಂತರ) ಬಳಕೆಯಲ್ಲಿ 80ಕ್ಕೆ ಬಂದು ನಿಲ್ಲುತ್ತದೆ. ಇದಕ್ಕೆ ಪರಿಹಾರ ಸ್ಪೀಕರಿನ ಬೆನ್ನ ಮೇಲೆಯೇ ಇದೆ. ಯಮಹಾ ಎಚ್‌ಎಸ್5ರಲ್ಲಿ ಮಟ್ಟದ ನಾಬ್ ಇದೆ, ಜೆಬಿಎಲ್ 305ಪಿ ಎಂಕೆ 2ರಲ್ಲಿ ಇನ್‌ಪುಟ್ ಸೂಕ್ಷ್ಮತೆಯ ಸ್ವಿಚ್ ಕೂಡ ಇದೆ. ಅವುಗಳನ್ನು ಇಳಿಸಿಟ್ಟು ಡ್ಯಾಕ್‌ನ ವಾಲ್ಯೂಮ್ ಮೇಲ್ಭಾಗದಲ್ಲಿ ಕೆಲಸ ಮಾಡುವಂತೆ ಹೊಂದಿಸಿಕೊಳ್ಳಬೇಕು. ಮೇಲೆ ಹೇಳಿದ ಎಡಿಐ-2 ಡ್ಯಾಕ್‌ನಲ್ಲಿ ಔಟ್‌ಪುಟ್ ಮಟ್ಟವನ್ನು ನಾಲ್ಕು ಹಂತಗಳಲ್ಲಿ ಅನಲಾಗ್ ಆಗಿಯೇ ಬದಲಿಸಬಹುದು. ಅದರ ಬೆಲೆಯಲ್ಲಿ ಒಂದು ಪಾಲು ಇಂಥ ಅನುಕೂಲಕ್ಕೆ ಸಲ್ಲುತ್ತದೆ.

ನಮ್ಮ ಕರೆಂಟು, ನಮ್ಮ ಅರ್ತಿಂಗ್

ಹೊರದೇಶದ ವಿಮರ್ಶೆಗಳಲ್ಲಿ ಹೆಚ್ಚಾಗಿ ಕಾಣದ, ಆದರೆ ಇಲ್ಲಿ ಮುಖ್ಯವಾಗುವ ಸಂಗತಿ ವಿದ್ಯುತ್ತಿನದು. ಒಣಗಿದ ಮಣ್ಣಿನಲ್ಲಿ ಅರ್ತಿಂಗ್‌ನ ರೋಧ ಏರುತ್ತದೆ. ಮಳೆ ಕಡಿಮೆಯಿರುವ ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮೂರು ಕಡೆಗಳಲ್ಲಿ ಬೇಸಿಗೆಯ ಹೊತ್ತಿಗೆ ಅರ್ತ್ ಗುಂಡಿಗೆ ನೀರು ಹಾಕದಿದ್ದರೆ ಅದು ಹೆಸರಿಗಷ್ಟೇ ಇರುತ್ತದೆ. ಎರಡು ಪಿನ್‌ಗಳ ಚಾರ್ಜರ್ ಇರುವ ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುವ ಸಣ್ಣ ಸೋರಿಕೆ ಕರೆಂಟ್ ಯುಎಸ್‌ಬಿ ಕೇಬಲಿನ ಮೂಲಕ ಡ್ಯಾಕ್‌ಗೂ, ಅಲ್ಲಿಂದ ಶೀಲ್ಡ್ ಹಿಡಿದು ಸ್ಪೀಕರಿಗೂ ದಾರಿ ಮಾಡಿಕೊಳ್ಳುತ್ತದೆ. ಆರ್‌ಸಿಎ ಸಂಪರ್ಕದಲ್ಲಿ ಇದು 50 ಅಥವಾ 100 ಹರ್ಟ್ಸ್‌ನ ಗುಂಯ್ ಶಬ್ದವಾಗಿ ಕೇಳಿಸುತ್ತದೆ, ಬ್ಯಾಲೆನ್ಸ್ಡ್ ಸಂಪರ್ಕದಲ್ಲಿ ಬಹುಮಟ್ಟಿಗೆ ಅಳಿದುಹೋಗುತ್ತದೆ. ಹಾಗಿದ್ದೂ ಶಬ್ದ ಉಳಿದರೆ, ಉಪಕರಣದ ಒಳಗೆ 1ನೇ ಪಿನ್ನನ್ನು ಲೋಹದ ಪೆಟ್ಟಿಗೆಗೆ ಸೇರಿಸದೆ ಸರ್ಕ್ಯೂಟಿನ ಗ್ರೌಂಡಿಗೆ ಸೇರಿಸಿರುವುದು ಕಾರಣವಾಗಿರಬಹುದು. ಆಡಿಯೊ ಎಂಜಿನಿಯರ್ ನೀಲ್ ಮನ್ಸಿ 1995ರಲ್ಲಿ ವಿವರಿಸಿದ ಈ ದೋಷ ಇಂದಿಗೂ ಕೆಲವು ಉಪಕರಣಗಳಲ್ಲಿ ಉಳಿದುಕೊಂಡಿದೆ. ಆಗ ಕೇಬಲಿನ ಶೀಲ್ಡನ್ನು ಸ್ಪೀಕರಿನ ತುದಿಯಲ್ಲಿ ಬಿಡಿಸಿ ನೋಡಬಹುದು. ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕಿ ಶಬ್ದ ನಿಲ್ಲಿಸುವ ಉಪಾಯವನ್ನು ಯಾರು ಹೇಳಿದರೂ ಕೇಳಬಾರದು, ಅದು ಪ್ರಾಣಕ್ಕೆ ಕುತ್ತು.

ಕರೆಂಟ್ ಹೋಗಿ ಬರುವ ಊರಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ವಿದ್ಯುತ್ ಮರಳಿದಾಗ ಡ್ಯಾಕ್ ಹಿಂದಿನ ವಾಲ್ಯೂಮನ್ನು ನೆನಪಿಟ್ಟುಕೊಂಡು ಎಚ್ಚರಗೊಳ್ಳುತ್ತದೆಯೇ ಅಥವಾ ಪೂರ್ಣ ಮಟ್ಟಕ್ಕೆ ಹಾರುತ್ತದೆಯೇ? ಚಾಲೂ ಆಗುವಾಗ ಔಟ್‌ಪುಟ್ಟನ್ನು ಕೆಲ ಕ್ಷಣ ಮುಚ್ಚಿಡುವ ರಿಲೇ ಇದೆಯೇ ಎಂಬುದೂ ಇದರ ಜೊತೆಗೇ ತಿಳಿಯಬೇಕಾದದ್ದು. ಹಳೆಯ ಚೌಕ ಅಲೆಯ ಇನ್ವರ್ಟರ್ ಇರುವ ಮನೆಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಉಪಕರಣಗಳು ಕಿರುಗುಟ್ಟುತ್ತವೆ. ಡ್ಯಾಕ್ ಬದಲಿಸುವುದಕ್ಕಿಂತ ಇನ್ವರ್ಟರನ್ನು ಶುದ್ಧ ಸೈನ್ ಅಲೆಯ ಮಾದರಿಗೆ ಬದಲಿಸುವುದು ಅಲ್ಲಿ ಮೊದಲಾಗಬೇಕಾದ ಕೆಲಸ.

ಚಿಪ್ ಯಾವುದು, ಇಎಸ್‌ಎಸ್‌ನದೋ ಎಕೆಎಂನದೋ, ಫಿಲ್ಟರ್‌ಗಳು ಎಷ್ಟು, ಡಿಎಸ್‌ಡಿ (ಇನ್ನೊಂದು ಬಗೆಯ ಡಿಜಿಟಲ್ ಧ್ವನಿ ರೂಪ) ಎಷ್ಟರವರೆಗೆ ಎಂಬ ಚರ್ಚೆಗೆ ಇಲ್ಲಿ ಹೆಚ್ಚು ಜಾಗ ಕೊಡಬೇಕಾಗಿಲ್ಲ. ಸಿಡಿಯ 16 ಬಿಟ್ ಧ್ವನಿಗೆ ಬೇಕಾದ ಸುಮಾರು 98 ಡೆಸಿಬಲ್‌ನ ವ್ಯಾಪ್ತಿಯನ್ನು ಇಂದಿನ ಯಾವುದೇ ಸುಮಾರಾದ ಚಿಪ್ ದಾಟುತ್ತದೆ. ಅದನ್ನು ಕಡೆಯವರೆಗೂ ಕೆಡದಂತೆ ಉಳಿಸುವುದು ಸುತ್ತಲಿನ ಸರ್ಕ್ಯೂಟಿನ ಹೊಣೆ.

ಬಂದ ಮೇಲೆ ಪರೀಕ್ಷಿಸುವ ಬಗೆ

ಉಪಕರಣ ಮನೆಗೆ ಬಂದ ದಿನವೇ ಒಂದು ಸಾಧಾರಣ ಮಲ್ಟಿಮೀಟರಿನಿಂದ ಇದರ ಬಹಳಷ್ಟು ಗುಟ್ಟು ತಿಳಿಯುತ್ತದೆ. ಸ್ಪೀಕರುಗಳನ್ನು ಬಿಡಿಸಿಟ್ಟು, ಕಂಪ್ಯೂಟರಿನಿಂದ ಪೂರ್ಣ ಮಟ್ಟದ 100 ಹರ್ಟ್ಸ್ ಸೈನ್ ಅಲೆಯನ್ನು ನುಡಿಸಬೇಕು. ಅಗ್ಗದ ಮೀಟರುಗಳು ಹೆಚ್ಚಿನ ಆವರ್ತನದಲ್ಲಿ ತಪ್ಪು ತೋರಿಸುವುದರಿಂದ 1,000 ಹರ್ಟ್ಸ್ ಬೇಡ. ಮೀಟರನ್ನು ಎಸಿ ವೋಲ್ಟೇಜಿಗೆ ಇಟ್ಟು 2 ಮತ್ತು 3ನೇ ಪಿನ್‌ಗಳ ನಡುವೆ ಅಳೆದಾಗ ವಿವರಪಟ್ಟಿಯಲ್ಲಿ ಹೇಳಿದ ವೋಲ್ಟೇಜ್ ಕಾಣಬೇಕು. ಬಳಿಕ 1 ಮತ್ತು 2ರ ನಡುವೆ ಅಳೆದರೆ ಅದರ ಅರ್ಧ ಬಂದಲ್ಲಿ ಎರಡೂ ತಂತಿಗಳು ತದ್ವಿರುದ್ಧ ಸಂಕೇತ ಒಯ್ಯುತ್ತಿವೆ ಎಂದರ್ಥ. ಅರ್ಧವಾಗದೆ ಪೂರ್ತಿ ವೋಲ್ಟೇಜೇ ಬಂದಲ್ಲಿ ಕೋಲ್ಡ್ ತಂತಿ ಮೌನವಾಗಿದೆ ಎಂದರ್ಥ. ಇದೇ ಅಳತೆಯನ್ನು ಎರಡನೆಯ ಜೋಡಿಯಲ್ಲೂ ಮಾಡಿ, ವಾಲ್ಯೂಮ್ ತಿರುಗಿಸುತ್ತ ಯಾವ ಜೋಡಿ ಬದಲಾಗುತ್ತದೆ, ಯಾವುದು ಸ್ಥಿರವಾಗಿರುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಕೈಪಿಡಿ ಮುಚ್ಚಿಟ್ಟದ್ದನ್ನು ಮೀಟರ್ ಹೇಳುತ್ತದೆ.

ಇಷ್ಟೆಲ್ಲ ತೂಗಿ ನೋಡಿದರೆ, ಸ್ಪೀಕರ್ ಮತ್ತು ಹೆಡ್‌ಫೋನ್ ಆಂಪ್ಲಿಫೈಯರ್ ಮಾತ್ರ ಇರುವ ಕೇಳುಗರಿಗೆ ನಾನು ಎಕ್ಸ್‌ಎಲ್‌ಆರ್ ಮತ್ತು ಆರ್‌ಸಿಎ ಇರುವ ಸಾಮಾನ್ಯ ಡ್ಯಾಕ್ ಅನ್ನೇ, ಔಟ್‌ಪುಟ್ ಮಟ್ಟಗಳನ್ನು ಬೇರೆ ಬೇರೆಯಾಗಿ ಇಡಬಹುದಾದರೆ ಮಾತ್ರ, ಸೂಚಿಸುತ್ತೇನೆ. ಹಾಗೆ ಇಡಲು ಬಾರದಿದ್ದರೆ ನಾಲ್ಕು ಔಟ್‌ಪುಟ್‌ಗಳ ಇಂಟರ್‌ಫೇಸ್ ಮೇಲು. ಹಾಡಿ ರೆಕಾರ್ಡ್ ಮಾಡುವವರಿಗೆ ಇಂಟರ್‌ಫೇಸ್ ಬಿಟ್ಟು ಬೇರೆ ಆಯ್ಕೆ ನೋಡಬೇಕಾಗಿಲ್ಲ. ಎರಡು ಜೊತೆ ಸ್ಪೀಕರಿಗೆ ಕಂಟ್ರೋಲರ್, ಸಬ್‌ವೂಫರಿಗೆ ಕ್ರಾಸ್‌ಓವರ್ ಇರುವ ಉಪಕರಣ ಹೊಂದುತ್ತವೆ.

ಕೊಳ್ಳುವಾಗ ಭಾರತದಲ್ಲಿಯೇ ವಾರಂಟಿ ಇರುವ ಬಿಲ್ಲನ್ನು ಪಡೆಯುವುದು ಒಳಿತು. ಹೊರದೇಶದಿಂದ ನೇರವಾಗಿ ತರಿಸಿದರೆ ಸುಂಕ ಸೇರಿ ಬೆಲೆಯ ಲಾಭ ಕರಗುವುದಲ್ಲದೆ, ರಿಪೇರಿಗೆ ಮರಳಿ ಕಳುಹಿಸುವ ಖರ್ಚೂ ನಮ್ಮದೇ ಆಗುತ್ತದೆ. ವಾರಂಟಿ ಇಲ್ಲಿಯದೇ ಆಗಿದ್ದರೂ ದಾವಣಗೆರೆಯವರು ಬೆಂಗಳೂರಿಗೆ ಕೊರಿಯರ್ ಮಾಡಬೇಕಾಗುವ ಸಂದರ್ಭವೇ ಹೆಚ್ಚು, ಆದ್ದರಿಂದ ಮೂಲ ಪೆಟ್ಟಿಗೆಯನ್ನೂ ಒಳಗಿನ ಥರ್ಮಕೋಲನ್ನೂ ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲೆ ಇಟ್ಟುಕೊಳ್ಳಬೇಕು. ಕೇಬಲಿಗೆ ಮಾತ್ರ ದೂರ ಹೋಗಬೇಕಾಗಿಲ್ಲ: ಮೈಕ್ ಸೆಟ್ ಸಾಮಾನು ಮಾರುವ ಅಂಗಡಿಯಲ್ಲಿ ಎರಡು ತಂತಿ ಮತ್ತು ಶೀಲ್ಡ್ ಇರುವ ಮೈಕ್ ಕೇಬಲನ್ನು ಮೀಟರ್ ಲೆಕ್ಕದಲ್ಲಿ ಕೊಂಡು, ಒಳ್ಳೆಯ ಎಕ್ಸ್‌ಎಲ್‌ಆರ್ ಕನೆಕ್ಟರ್‌ಗಳನ್ನು ಕಣ್ಣೆದುರೇ ಬೆಸುಗೆ ಹಾಕಿಸಿ, ಮೂರೂ ಪಿನ್‌ಗಳ ಸಂಪರ್ಕವನ್ನು ಅದೇ ಮೀಟರಿನಿಂದ ನೋಡಿ ತಂದರೆ ಆಯಿತು.